ಕಾಣದ ಘೇಂಡಾಮೃಗವನ್ನು ಕಂಡಂತೆ ಬರೆದವನು: ಆಲ್ಬ್ರೆಕ್ಟ್ ಡ್ಯೂರರ್

ಶಾಲೆಯಲ್ಲಿ ನಕಲು ಎಂಬುದು ಕೆಟ್ಟ ಮಾತು. ಪರೀಕ್ಷೆಯ ಕೊಠಡಿಯಲ್ಲಿ ಅದಕ್ಕೆ ಶಿಕ್ಷೆ ಇದೆ. ಆದರೆ ಅದೇ ಶಾಲೆಯ ಚಿತ್ರಕಲಾ ತರಗತಿಯಲ್ಲಿ ನಕಲೇ ಮೊದಲ ಪಾಠ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಹೂಜಿ ಬರೆದರೆ ಮಕ್ಕಳೂ ಹೂಜಿ ಬರೆಯುತ್ತಾರೆ. ಅವರು ನೆರಳು ಹಾಕಿದ ಕಡೆ ಇವರೂ ಹಾಕುತ್ತಾರೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕುಳಿತವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಹೀಗೆ ಇನ್ನೊಬ್ಬರ ಚಿತ್ರವನ್ನು ತಿರುಗಿ ಬರೆಯುವುದರಿಂದ ಏನನ್ನು ಕಲಿಯಬಹುದು, ಎಲ್ಲಿ ಎಚ್ಚರ ತಪ್ಪಬಾರದು ಎಂಬ ಎರಡೂ ಪಾಠಗಳು ಒಬ್ಬನೇ ಕಲಾವಿದನ ಬದುಕಿನಲ್ಲಿ ಸಿಗುತ್ತವೆ. ಅವನೇ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್.

ಡ್ಯೂರರ್ ಹುಟ್ಟಿದ್ದು 1471ರ ಮೇ 21ರಂದು, ನ್ಯೂರೆಂಬರ್ಗ್ ಪಟ್ಟಣದಲ್ಲಿ. ತಂದೆ ಅಕ್ಕಸಾಲಿಗ. ಹಂಗೇರಿಯ ಒಂದು ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಊರೂರು ಅಲೆದು 1455ರಲ್ಲಿ ನ್ಯೂರೆಂಬರ್ಗಿಗೆ ಬಂದು, ಕೆಲಸ ಕೊಟ್ಟ ಯಜಮಾನನ ಮಗಳನ್ನೇ ಮದುವೆಯಾಗಿ ಅಲ್ಲೇ ನೆಲೆನಿಂತವನು. ಬಿಟ್ಟುಬಂದ ಹಳ್ಳಿಯ ಹೆಸರಿನಲ್ಲಿ ಬಾಗಿಲು ಎಂಬ ಅರ್ಥವಿತ್ತು. ಅದನ್ನೇ ಜರ್ಮನ್ ಭಾಷೆಗೆ ಒಗ್ಗಿಸಿಕೊಂಡು ಮನೆತನಕ್ಕೆ ಡ್ಯೂರರ್ ಎಂಬ ಹೆಸರಾಯಿತು. ತೆರೆದ ಬಾಗಿಲೇ ಅವರ ಲಾಂಛನವಾಯಿತು. ತಾಯಿ ಬಾರ್ಬರಾ ಹೆತ್ತ ಮಕ್ಕಳು 18. ಮುಂದೆ ಡ್ಯೂರರ್ ತನ್ನ ಮನೆತನದ ವೃತ್ತಾಂತವನ್ನು ಬರೆದಿಡುವ ಹೊತ್ತಿಗೆ ಅವರಲ್ಲಿ ಉಳಿದಿದ್ದವರು ಮೂವರು ಮಾತ್ರ.

ಹುಡುಗ ಮೊದಲು ತಂದೆಯ ಅಂಗಡಿಯಲ್ಲೇ ಕೆಲಸಕ್ಕೆ ಕುಳಿತ. ಬೆಳ್ಳಿ ಬಂಗಾರದ ಮೇಲೆ ಮೊನಚಾದ ಉಳಿಯಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಕೊರೆಯುವ ಕೈಹದ ಅಲ್ಲಿಯೇ ಬಂತು. 13ನೆಯ ವಯಸ್ಸಿನಲ್ಲಿ, ಎಂದರೆ 1484ರಲ್ಲಿ, ಕನ್ನಡಿ ನೋಡಿಕೊಂಡು ತನ್ನದೇ ಚಿತ್ರವನ್ನು ಬೆಳ್ಳಿಯ ಕಡ್ಡಿಯಿಂದ ಬರೆದ. ಬೆಳ್ಳಿಯ ಕಡ್ಡಿಯ ಗೆರೆಯನ್ನು ರಬ್ಬರಿನಿಂದ ಅಳಿಸಿದಂತೆ ಅಳಿಸಲಾಗದು. ನಮ್ಮ ಎಂಟನೆಯ ತರಗತಿಯ ವಯಸ್ಸಿನ ಹುಡುಗ ಬರೆದ ಆ ಚಿತ್ರ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಮಗನಿಗೆ ಚಿತ್ರಕಲೆಯ ಕಡೆ ಒಲವೆಂದು ತಿಳಿದಾಗ ತಂದೆಗೆ ಬೇಸರವಾಯಿತು. ಅಕ್ಕಸಾಲೆ ಕಲಿಸಲು ಕಳೆದ ವರ್ಷಗಳು ವ್ಯರ್ಥವಾದವಲ್ಲ ಎಂಬ ಚಿಂತೆ. ಆದರೂ ತಡೆಯಲಿಲ್ಲ. 1486ರಲ್ಲಿ ಮಿಖಾಯೆಲ್ ವೊಲ್ಗೆಮುಟ್ ಎಂಬ ಹೆಸರಾಂತ ಚಿತ್ರಕಾರನ ಬಳಿ ಮೂರು ವರ್ಷ ಶಿಷ್ಯನಾಗಿ ಬಿಟ್ಟ. ವೊಲ್ಗೆಮುಟ್‌ನ ಕಾರ್ಯಶಾಲೆಯಲ್ಲಿ ಪುಸ್ತಕಗಳಿಗೆ ಬೇಕಾದ ಮರದಚ್ಚಿನ ಚಿತ್ರಗಳು ತಯಾರಾಗುತ್ತಿದ್ದವು. ಊರಿನ ದೊಡ್ಡ ಮುದ್ರಕ ಆಂಟನ್ ಕೊಬರ್ಗರ್ ಡ್ಯೂರರ್‌ನ ಜ್ಞಾನಪಿತನೇ ಆಗಿದ್ದ. ಹೀಗೆ ಚಿನ್ನದ ಕುಸುರಿ, ಚಿತ್ರ, ಮುದ್ರಣ ಈ ಮೂರೂ ಒಬ್ಬ ಹುಡುಗನ ಸುತ್ತ ಕೂಡಿಬಂದವು.

ಕಲಿಕೆ ಮುಗಿದ ಮೇಲೆ ದೇಶ ಸುತ್ತಿ ಬೇರೆ ಬೇರೆ ಯಜಮಾನರ ಬಳಿ ದುಡಿಯುವುದು ಅಲ್ಲಿಯ ಕಸುಬಿನ ಪದ್ಧತಿ. 1490ರಲ್ಲಿ ಹೊರಟ ಡ್ಯೂರರ್‌ಗೆ ಕೋಲ್ಮಾರ್ ಊರಿನ ಮಾರ್ಟಿನ್ ಶೋನ್‌ಗಾವರ್‌ನನ್ನು ಕಾಣುವ ಆಸೆಯಿತ್ತು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವುದರಲ್ಲಿ ಆ ಕಾಲಕ್ಕೆ ಅವನಿಗೆ ಸಮನಾದವರಿರಲಿಲ್ಲ. ಡ್ಯೂರರ್ 1492ರಲ್ಲಿ ಅಲ್ಲಿಗೆ ತಲುಪುವಷ್ಟರಲ್ಲಿ ಗುರು ತೀರಿಕೊಂಡಿದ್ದ. ಗುರುವಿನ ಸೋದರರು ಹುಡುಗನನ್ನು ಆದರದಿಂದ ಬರಮಾಡಿಕೊಂಡರು. ಕಾಣಲಾಗದ ಗುರುವಿನಿಂದ ಕಲಿಯಲು ಉಳಿದಿದ್ದ ದಾರಿ ಒಂದೇ, ಅವನು ಎಳೆದ ಗೆರೆಗಳನ್ನು ನೋಡುವುದು.

ಆ ಗೆರೆಗಳ ಗುಟ್ಟನ್ನು ಇಲ್ಲಿ ಹೇಳಬೇಕು. ಶಾಯಿಯಲ್ಲಿ ಬರೆಯುವವನಿಗೆ ಬೂದು ಬಣ್ಣವೆಂಬುದು ಇಲ್ಲ. ಕಾಗದ ಬಿಳಿ, ಶಾಯಿ ಕಪ್ಪು. ಪೆನ್ಸಿಲಿನಂತೆ ಬೆರಳಿನಿಂದ ಉಜ್ಜಿ ನೆರಳು ಮಾಡಲು ಬರುವುದಿಲ್ಲ. ಆದ್ದರಿಂದ ಒಂದೇ ದಿಕ್ಕಿಗೆ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯುತ್ತಾರೆ. ದೂರದಿಂದ ನೋಡಿದರೆ ಅದು ತಿಳಿ ನೆರಳು. ಅದರ ಮೇಲೆ ಇನ್ನೊಂದು ಓರೆಯಲ್ಲಿ ಗೆರೆಗಳನ್ನು ಹಾಯಿಸಿದರೆ ನೆರಳು ದಟ್ಟವಾಗುತ್ತದೆ. ಮೂರನೆಯ ಸಾಲು ಬಿದ್ದರೆ ಕತ್ತಲು. ಮಗ್ಗದ ಹಾಸು ಹೊಕ್ಕಿನ ಹಾಗೆ ಗೆರೆಯ ಮೇಲೆ ಗೆರೆ ನೇಯುವ ಈ ವಿಧಾನಕ್ಕೆ ಕ್ರಾಸ್ ಹ್ಯಾಚಿಂಗ್ ಎನ್ನುತ್ತಾರೆ. ಬಟ್ಟೆ ತೆಳುವೋ ದಪ್ಪವೋ ಎಂಬುದು ಎಳೆಗಳ ಒತ್ತಣೆಯಿಂದ ತೀರ್ಮಾನವಾಗುವಂತೆ ಇಲ್ಲಿ ಬೆಳಕೋ ಕತ್ತಲೋ ಎಂಬುದು ಗೆರೆಗಳ ಒತ್ತಣೆಯಿಂದ ತೀರ್ಮಾನವಾಗುತ್ತದೆ.

1494ರ ಜುಲೈ 7ರಂದು ಆಗ್ನೆಸ್ ಫ್ರೈ ಎಂಬವಳೊಡನೆ ಡ್ಯೂರರ್‌ನ ಮದುವೆಯಾಯಿತು. ಆ ವರ್ಷವೇ ಊರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಶರತ್ಕಾಲದಲ್ಲಿ ಡ್ಯೂರರ್ ಆಲ್ಪ್ಸ್ ಪರ್ವತ ದಾಟಿ ವೆನಿಸ್ ಕಡೆಗೆ ಹೊರಟ. ಇಟಲಿಯ ಆಂಡ್ರಿಯಾ ಮಾಂತೆಞ ಎಂಬ ಹಿರಿಯ ಕಲಾವಿದನ ಎರಡು ಮುದ್ರಿತ ಚಿತ್ರಗಳನ್ನು ಅವನು ಶಾಯಿ ಲೇಖನಿಯಲ್ಲಿ ತಿರುಗಿ ಬರೆದದ್ದು ಅದೇ 1494ರಲ್ಲಿ. ಒಂದರಲ್ಲಿ ಸಮುದ್ರದೇವತೆಗಳ ಕಾಳಗ, ಇನ್ನೊಂದರಲ್ಲಿ ಪಾನೋತ್ಸವ. ಹೊರಗೆರೆಗಳೆಲ್ಲ ಮೂಲದಲ್ಲಿದ್ದ ಹಾಗೆಯೇ ಇವೆ. ಒಂದು ಬೆರಳೂ ಆಚೀಚೆ ಸರಿದಿಲ್ಲ. ಆದರೆ ನೆರಳು ಮಾತ್ರ ಅವನದೇ. ಮಾಂತೆಞ ನೆರಳಿಗೆ ನೇರವಾದ ಓರೆಗೆರೆಗಳನ್ನು ಒಂದೇ ದಿಕ್ಕಿಗೆ ಎಳೆದಿದ್ದ. ಡ್ಯೂರರ್ ಅವುಗಳ ಬದಲು ತೋಳಿನ ಉಬ್ಬನ್ನು, ಬೆನ್ನಿನ ಬಾಗನ್ನು ಅನುಸರಿಸಿ ಬಳುಕುವ ಗೆರೆಗಳನ್ನು ಎಳೆದು ಒಂದರ ಮೇಲೊಂದು ಹಾಯಿಸಿದ. ಚಪ್ಪಟೆಯಾಗಿದ್ದ ಮೈಗೆ ಮಾಂಸ ತುಂಬಿಕೊಂಡಿತು. ಕಲಿಯುವುದಕ್ಕಾಗಿ ಮಾಡುವ ನಕಲು ಎಂದರೆ ಇದು. ಗುರುವಿನ ಚಿತ್ರವನ್ನು ಗೆರೆಗೆರೆಯಾಗಿ ಹಿಂಬಾಲಿಸಿ, ಆ ಗೆರೆ ಅಲ್ಲಿ ಏಕಿದೆ ಎಂದು ಕೇಳಿಕೊಳ್ಳುವುದು.

1495ರಲ್ಲಿ ಹಿಂದಿರುಗಿ ಸ್ವಂತ ಕಾರ್ಯಶಾಲೆ ತೆರೆದ. 1498ರಲ್ಲಿ ಪ್ರಳಯಕಾಲದ ದೃಶ್ಯಗಳ 15 ಮರದಚ್ಚಿನ ಚಿತ್ರಗಳನ್ನು ಪುಸ್ತಕವಾಗಿ ತಾನೇ ಪ್ರಕಟಿಸಿದ. ಯೂರೋಪಿನಾದ್ಯಂತ ಹೆಸರಾಯಿತು. ದೊಡ್ಡ ವರ್ಣಚಿತ್ರವನ್ನು ಅರಸನೋ ಶ್ರೀಮಂತನೋ ಮಾತ್ರ ಕೊಳ್ಳಬಲ್ಲ. ಅಚ್ಚಾದ ಹಾಳೆಯನ್ನು ಸಾಮಾನ್ಯನೂ ಕೊಳ್ಳಬಲ್ಲ. ಹೆಂಡತಿ ಆಗ್ನೆಸ್ ಜಾತ್ರೆಗಳಲ್ಲಿ, ಸಂತೆಗಳಲ್ಲಿ ಆ ಹಾಳೆಗಳನ್ನು ಮಾರುತ್ತಿದ್ದಳು. ಒಂದು ದೊಡ್ಡ ಎ, ಅದರ ಕಾಲುಗಳ ನಡುವೆ ಒಂದು ಡಿ ಅಕ್ಷರ, ಇದು ಅವನ ಗುರುತು.

ಹೆಸರು ಬಂದ ಕಡೆ ಕಳ್ಳನಕಲೂ ಬಂತು. ಇಟಲಿಯ ಮಾರ್ಕಾಂತೋನಿಯೊ ರೈಮೊಂದಿ ಎಂಬ ನಿಪುಣ ಕೆತ್ತನೆಗಾರ ಡ್ಯೂರರ್‌ನ ಮರದಚ್ಚುಗಳನ್ನು ತಾಮ್ರದಲ್ಲಿ ಹಾಗೆಯೇ ಕೊರೆದು, ಅವನ ಗುರುತನ್ನೂ ಸೇರಿಸಿ ಮಾರಿದ. ಅಚ್ಚು ಹಾಕುವ ಹಕ್ಕನ್ನು ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ತನಗೆ ಕೊಟ್ಟಿದ್ದಾನೆಂದೂ ನಕಲು ಮಾಡುವವರು ಜೋಕೆಯಾಗಿರಬೇಕೆಂದೂ ಡ್ಯೂರರ್ 1511ರ ತನ್ನ ಪುಸ್ತಕದ ಕೊನೆಯಲ್ಲಿ ಅಚ್ಚುಹಾಕಿಸಿದ. 1512ರಲ್ಲಿ ನ್ಯೂರೆಂಬರ್ಗಿನ ಪುರಸಭೆ, ಅವನ ಗುರುತು ಹಾಕಿದ ನಕಲುಗಳನ್ನು ಮಾರುತ್ತಿದ್ದ ಪರಊರಿನವನೊಬ್ಬನಿಗೆ ಆ ಗುರುತನ್ನು ತೆಗೆಯುವಂತೆ ಆಜ್ಞೆ ಮಾಡಿತು. ಮಾಂತೆಞನನ್ನು ನೋಡಿ ಬರೆದವನೇ ನಕಲು ಮಾಡಬೇಡಿ ಎಂದದ್ದು ವಿಚಿತ್ರವಾಗಿ ತೋರಬಹುದು. ಆದರೆ ಕಲಿಯಲು ಬರೆದುಕೊಳ್ಳುವುದು ಬೇರೆ, ಇನ್ನೊಬ್ಬರ ಹೆಸರು ಹಾಕಿ ಮಾರುವುದು ಬೇರೆ.

ಅವನ ಚಿತ್ರಗಳಲ್ಲಿ ನಮ್ಮ ಕಡೆ ಹೆಚ್ಚು ಜನ ಕಂಡಿರುವುದು ಪ್ರಾರ್ಥನೆಗೆ ಜೋಡಿಸಿದ ಎರಡು ಕೈಗಳ ಚಿತ್ರ. ಅದು 1508ರದ್ದು. ಇದರ ಬಗ್ಗೆ ಒಂದು ನೀತಿಕಥೆ ಹಬ್ಬಿದೆ: ತಮ್ಮನನ್ನು ಓದಿಸಲು ಅಣ್ಣ ಗಣಿಯಲ್ಲಿ ದುಡಿದು ಬೆರಳು ಸೆಟೆದುಕೊಂಡವಂತೆ, ಆ ಕೈಗಳೇ ಇವಂತೆ. ಕಥೆ ಮನಮುಟ್ಟುತ್ತದೆ, ಆದರೆ ನಡೆದದ್ದು ಹಾಗಲ್ಲ. ಉಳಿದಿದ್ದ ಇಬ್ಬರು ಸೋದರರಲ್ಲಿ ಎಂಡ್ರೆಸ್ ತಂದೆಯಂತೆ ಅಕ್ಕಸಾಲಿಗನಾದ, ಹಾನ್ಸ್ ಚಿತ್ರಕಾರನಾಗಿ ಪೋಲೆಂಡಿನ ರಾಜನ ಆಸ್ಥಾನ ಸೇರಿದ. ಫ್ರಾಂಕ್‌ಫರ್ಟಿನ ಒಂದು ಪೂಜಾಪೀಠದ ದೊಡ್ಡ ವರ್ಣಚಿತ್ರದಲ್ಲಿ ಬರುವ ಶಿಷ್ಯನೊಬ್ಬನ ಕೈಗಳಿಗಾಗಿ ನೀಲಿ ಕಾಗದದ ಮೇಲೆ ಮಾಡಿಕೊಂಡ ತಯಾರಿ ಅದು. ಅಲ್ಲಿ ನೆರಳಿಗೆ ಕಡುಗೆರೆಗಳ ನೇಯ್ಗೆ ಇದ್ದರೆ ಬೆಳಕಿಗೆ ಬಿಳಿ ಗೆರೆಗಳ ನೇಯ್ಗೆ ಇದೆ. ಆ ದೊಡ್ಡ ಚಿತ್ರದ ನಡುವಿನ ಹಲಗೆ 1729ರಲ್ಲಿ ಮ್ಯೂನಿಕ್ಕಿನಲ್ಲಿ ಬೆಂಕಿಗೆ ಆಹುತಿಯಾಯಿತು. ತಯಾರಿಯ ಹಾಳೆ ಉಳಿಯಿತು.

1514 ಅವನ ಪಾಲಿಗೆ ಭಾರವಾದ ವರ್ಷ. ತಂದೆ ತೀರಿಕೊಂಡ ಎರಡು ವರ್ಷಕ್ಕೆ ತಾಯಿಯನ್ನು ತನ್ನ ಮನೆಗೆ ಕರೆತಂದು ನೋಡಿಕೊಂಡಿದ್ದ. ಆ ವರ್ಷದ ಮಾರ್ಚಿಯಲ್ಲಿ ಇದ್ದಿಲಿನಿಂದ ತಾಯಿಯ ಮುಖ ಬರೆದ. ಬತ್ತಿದ ಕೆನ್ನೆ, ಎದ್ದು ಕಾಣುವ ಕತ್ತಿನ ನರ, ಯಾವುದನ್ನೂ ಮುಚ್ಚಿಡಲಿಲ್ಲ. ಎರಡು ತಿಂಗಳಿಗೆ ತಾಯಿ ಕಣ್ಣು ಮುಚ್ಚಿದಳು. ಅದೇ ವರ್ಷ ಅವನು ತಾಮ್ರದಲ್ಲಿ ಕೊರೆದ ಮೆಲೆಂಕೋಲಿಯಾ ಎಂಬ ಚಿತ್ರದಲ್ಲಿ, ಕೈಗೆ ಕೆನ್ನೆ ಕೊಟ್ಟು ಕುಳಿತ ರೆಕ್ಕೆಯ ಹೆಣ್ಣಿನ ಹಿಂದಿನ ಗೋಡೆಯ ಮೇಲೆ 16 ಮನೆಗಳ ಒಂದು ಮಾಯಾಚೌಕವಿದೆ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ ಮೊತ್ತ 34. ಕೆಳಸಾಲಿನ ನಡುವೆ 15, 14 ಎಂಬ ಅಂಕಿಗಳು ಪಕ್ಕಪಕ್ಕದಲ್ಲಿದ್ದು ಚಿತ್ರದ ವರ್ಷವನ್ನು ಹೇಳುತ್ತವೆ.

ಇಷ್ಟೆಲ್ಲ ಸಿದ್ಧಿ ಪಡೆದವನ ಕೈಗೆ ಮರುವರ್ಷ, 1515ರಲ್ಲಿ, ಪೋರ್ಚುಗಲ್ ದೇಶದ ಲಿಸ್ಬನ್ನಿನಿಂದ ಬಂದ ಒಂದು ಪತ್ರದ ವಿವರ ಮತ್ತು ಯಾರೋ ಗೀಚಿದ ಒಂದು ಚಿತ್ರ ಸಿಕ್ಕಿದವು. ಅದರ ಹಿಂದಿನ ಕಥೆ ನಮ್ಮ ನೆರೆಯಿಂದಲೇ ಶುರುವಾಗುತ್ತದೆ. ಬಿಜಾಪುರದ ಆದಿಲಶಾಹಿಗಳ ವಶದಲ್ಲಿದ್ದ ಗೋವೆಯನ್ನು ಪೋರ್ಚುಗೀಸರ ಅಲ್ಬುಕರ್ಕ್ 1510ರಲ್ಲಿ ಗೆದ್ದುಕೊಂಡಿದ್ದ. ವಿಜಯನಗರದಲ್ಲಿ ಆಗ ಕೃಷ್ಣದೇವರಾಯನ ಆಳ್ವಿಕೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಶಾ ಅಲ್ಬುಕರ್ಕನಿಗೆ ಉಡುಗೊರೆಯಾಗಿ ಒಂದು ಘೇಂಡಾಮೃಗವನ್ನು ಕಳಿಸಿದ. ಅವನು ಅದನ್ನು ತನ್ನ ರಾಜ ಮ್ಯಾನುಯೆಲ್‌ಗೆ ಕಳಿಸಲು 1515ರ ಜನವರಿಯಲ್ಲಿ ಗೋವೆಯಿಂದ ಹಡಗು ಹತ್ತಿಸಿದ. ಆಫ್ರಿಕಾವನ್ನು ಬಳಸಿ ಮೇ 20ರಂದು ಅದು ಲಿಸ್ಬನ್ ಮುಟ್ಟಿತು. ಅಲ್ಲಿ ಅದನ್ನು ಗಂಡ ಎಂದೇ ಕರೆದರು; ಭಾರತದ ಹೆಸರು ಪ್ರಾಣಿಯ ಜೊತೆಗೇ ಹಡಗಿನಲ್ಲಿ ಹೋಗಿತ್ತು. ರೋಮನ್ನರ ಕಾಲದ ನಂತರ ಯೂರೋಪು ಕಂಡ ಮೊದಲ ಜೀವಂತ ಘೇಂಡಾಮೃಗ ಇದು. ಆನೆಯೊಡನೆ ಕಾಳಗಕ್ಕೆ ಬಿಟ್ಟರೆ ಆನೆಯೇ ಓಡಿಹೋಯಿತು.

ಡ್ಯೂರರ್ ಲಿಸ್ಬನ್ನಿಗೆ ಹೋಗಲಿಲ್ಲ. ಪ್ರಾಣಿ ನ್ಯೂರೆಂಬರ್ಗಿಗೆ ಬರಲಿಲ್ಲ. ಕೈಗೆ ಬಂದ ವಿವರವನ್ನೂ ಗೀಚುಚಿತ್ರವನ್ನೂ ಮುಂದಿಟ್ಟುಕೊಂಡು ಅವನು ಕಂದು ಶಾಯಿಯಲ್ಲಿ ಘೇಂಡಾಮೃಗವನ್ನು ಬರೆದ. ಸುಮಾರು 27 ಸೆಂ.ಮೀ. ಎತ್ತರ, 42 ಸೆಂ.ಮೀ. ಅಗಲದ ಆ ಹಾಳೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮೈಯ ಗುಂಡನೆಯ ತುಂಬುತನ, ಚರ್ಮದ ಮಡಿಕೆಯ ಕೆಳಗಿನ ಕತ್ತಲು, ಗಂಟುಗಂಟಾದ ತೊಗಲಿನ ಒರಟು, ಎಲ್ಲವೂ ಗೆರೆಗಳ ನೇಯ್ಗೆಯಿಂದಲೇ ಎದ್ದುನಿಂತಿವೆ. ನೋಡಿದವರು ಈತ ಆ ಪ್ರಾಣಿಯ ಪಕ್ಕದಲ್ಲೇ ಕುಳಿತು ಬರೆದನೆಂದು ಆಣೆಯಿಡಬೇಕು, ಹಾಗಿದೆ.

ಆದರೆ ಅದರಲ್ಲಿ ಇಲ್ಲದ ಸಂಗತಿಗಳು ಸೇರಿಕೊಂಡಿವೆ. ಮೂಗಿನ ಕೊಂಬಿನ ಜೊತೆಗೆ ಹೆಗಲ ಮೇಲೆ ಇನ್ನೊಂದು ಪುಟ್ಟ ತಿರುಚುಕೊಂಬಿದೆ. ಕಾಲಿಗೆ ಮೀನಿನಂಥ ಹುರುಪೆ. ಮಡಿಕೆ ಬಿದ್ದ ಚರ್ಮ ಯೋಧನ ಉಕ್ಕಿನ ಕವಚದಂತೆ ಹಲಗೆಹಲಗೆಯಾಗಿದೆ. ನ್ಯೂರೆಂಬರ್ಗ್ ಕವಚ ತಯಾರಿಕೆಗೆ ಹೆಸರಾದ ಊರು. ಆ ಕಣ್ಣಿಗೆ ಪರಿಚಯವಿದ್ದದ್ದು ಕಾಣದ ಪ್ರಾಣಿಯ ಮೈಮೇಲೆ ಬಂದು ಕೂತಿದ್ದರೆ ಆಶ್ಚರ್ಯವಿಲ್ಲ.

ಮುಂದೆ ಅದು ಮರದಚ್ಚಾಯಿತು. ಹಲಗೆಯಲ್ಲಿ ಶಾಯಿ ಹಿಡಿಯಬೇಕಾದ ಗೆರೆ ಮಾತ್ರ ಉಬ್ಬಾಗಿ ಉಳಿಯಬೇಕು, ಮಿಕ್ಕದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಲೇಖನಿಯಲ್ಲಿ ಗೆರೆಯ ಮೇಲೆ ಗೆರೆ ಹಾಯಿಸುವುದು ಎರಡು ಎಳೆತದ ಕೆಲಸ. ಮರದಲ್ಲಾದರೆ ಆ ಗೆರೆಗಳ ನಡುವಿನ ಎಳ್ಳಿನಷ್ಟು ಚಿಕ್ಕ ಬಿಳಿಯ ಕಿಂಡಿಗಳನ್ನು ಒಂದೊಂದಾಗಿ ಅಗೆದು ತೆಗೆಯಬೇಕು. ಈ ಕೆಲಸ ಮಾಡಿದ್ದು ನುರಿತ ಮರಗೆತ್ತನೆಯವರು. ಅಚ್ಚು ಒತ್ತಿದಾಗ ಎಡ ಬಲವಾಗುತ್ತದೆ. ಹಾಗಾಗಿ ಶಾಯಿ ಚಿತ್ರದ ಘೇಂಡಾಮೃಗ ಎಡಕ್ಕೆ ಮುಖ ಮಾಡಿದ್ದರೆ ಅಚ್ಚಿನದು ಬಲಕ್ಕೆ ಮುಖ ಮಾಡಿದೆ. ಅದೇ ವರ್ಷ ಹಾನ್ಸ್ ಬರ್ಕ್‌ಮಾಯರ್ ಎಂಬ ಇನ್ನೊಬ್ಬ ಕಲಾವಿದನೂ ಈ ಪ್ರಾಣಿಯ ಮರದಚ್ಚು ಮಾಡಿದ. ಅದರಲ್ಲಿ ಹೆಗಲ ಕೊಂಬಿಲ್ಲ. ನಿಜಕ್ಕೆ ಅದೇ ಹತ್ತಿರ. ಆದರೆ ಅದರ ಒಂದೇ ಒಂದು ಪ್ರತಿ ಉಳಿದಿದೆ. ಡ್ಯೂರರ್‌ನದು ಅವನ ಕಾಲದಲ್ಲೇ ಸಾವಿರಾರು ಪ್ರತಿ ಹೋಯಿತು. ಅವನು ಸತ್ತ ಮೇಲೂ ಹಲಗೆ ಬಿರುಕು ಬಿಡುವವರೆಗೆ, ಹುಳು ತಿನ್ನುವವರೆಗೆ ಅದನ್ನು ಒತ್ತಿದರು. ಪ್ರಾಣಿಶಾಸ್ತ್ರದ ಗ್ರಂಥಗಳು ಅದನ್ನು ನಕಲು ಮಾಡಿದವು. ಆ ನಕಲನ್ನು ಬೇರೆಯವರು ನಕಲು ಮಾಡಿದರು. 18ನೆಯ ಶತಮಾನದ ನಡುವೆ ಕ್ಲಾರಾ ಎಂಬ ಭಾರತದ ಘೇಂಡಾಮೃಗವನ್ನು ಯೂರೋಪಿನ ಊರೂರಿಗೆ ಕರೆದೊಯ್ದು ತೋರಿಸಿದ ಮೇಲೆ ಜನಕ್ಕೆ ನಿಜರೂಪ ತಿಳಿಯಿತು. ಆದರೂ ಜರ್ಮನಿಯ ಶಾಲಾ ಪುಸ್ತಕಗಳಲ್ಲಿ ಡ್ಯೂರರ್‌ನ ಚಿತ್ರ 20ನೆಯ ಶತಮಾನದವರೆಗೂ ಕಾಣಿಸಿಕೊಂಡಿತು. ತಪ್ಪು ಅಷ್ಟು ಕಾಲ ಉಳಿದದ್ದು ಅದನ್ನು ಬರೆದ ಕೈ ಅಷ್ಟು ಚೆನ್ನಾಗಿದ್ದುದರಿಂದ.

ಆ ಮೂಕಪ್ರಾಣಿಯ ಗತಿ ಮಾತ್ರ ದುಃಖದ್ದು. ರಾಜ ಮ್ಯಾನುಯೆಲ್ ಅದನ್ನು ರೋಮಿನ ಪೋಪ್ ಹತ್ತನೆಯ ಲಿಯೊಗೆ ಉಡುಗೊರೆಯಾಗಿ ಕಳಿಸಿದ. 1516ರ ಆರಂಭದಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ಘೇಂಡಾಮೃಗಕ್ಕೆ ಈಜಲು ಬರುತ್ತದೆ. ಆದರೆ ಹಡಗಿಗೆ ಸರಪಳಿಯಲ್ಲಿ ಬಿಗಿದಿದ್ದರಿಂದ ಮುಳುಗಿ ಸತ್ತಿತು.

ಕಣ್ಣಾರೆ ಕಾಣಬೇಕೆಂಬ ಹಂಬಲ ಡ್ಯೂರರ್‌ನಲ್ಲಿ ಇಲ್ಲದೆ ಇರಲಿಲ್ಲ. 1502ರಲ್ಲಿ ಬರೆದ ಮೊಲದ ಒಂದೊಂದು ಕೂದಲು, 1503ರಲ್ಲಿ ಬರೆದ ಹುಲ್ಲುಗಡ್ಡೆಯ ಒಂದೊಂದು ಎಸಳು ಅದಕ್ಕೆ ಸಾಕ್ಷಿ. 1520ರಲ್ಲಿ ತನ್ನ ವರ್ಷಾಶನವನ್ನು ಹೊಸ ಚಕ್ರವರ್ತಿಯಿಂದ ಖಾಯಂ ಮಾಡಿಸಿಕೊಳ್ಳಲು ನೆದರ್ಲೆಂಡ್ಸ್ ಕಡೆಗೆ ಹೋದಾಗ, ಸಮುದ್ರತೀರದಲ್ಲಿ ಒಂದು ತಿಮಿಂಗಿಲ ಬಿದ್ದಿದೆ ಎಂಬ ಸುದ್ದಿ ಕೇಳಿ ಡಿಸೆಂಬರಿನ ಚಳಿಯಲ್ಲಿ ಅದನ್ನು ನೋಡಲು ಧಾವಿಸಿದ. ಅವನು ತಲುಪುವ ಮೊದಲೇ ಅಲೆಗಳು ಅದನ್ನು ಒಯ್ದಿದ್ದವು. ಮುಂದೆ ಆ ಪ್ರವಾಸದಲ್ಲೇ ಹಿಡಿದ ಜ್ವರ ಅವನನ್ನು ಮತ್ತೆ ಮತ್ತೆ ಕಾಡಿತು.

ಕೊನೆಯ ವರ್ಷಗಳಲ್ಲಿ ಅವನು ಮೇಷ್ಟ್ರಾದ ಎನ್ನಬಹುದು. 1525ರಲ್ಲಿ ಅಳತೆಯ ಬಗ್ಗೆ, ರೇಖಾಗಣಿತದ ಬಗ್ಗೆ ಒಂದು ಪುಸ್ತಕ ಹೊರತಂದ. ವಿದ್ಯೆಯೆಲ್ಲ ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿ ಅದನ್ನು ತನ್ನ ಜನರ ಜರ್ಮನ್ ಭಾಷೆಯಲ್ಲಿ, ಕಸುಬು ಕಲಿಯುವ ಹುಡುಗರಿಗಾಗಿ ಬರೆದ. ಲ್ಯಾಟಿನ್ ಪಾರಿಭಾಷಿಕಗಳಿಗೆ ಬದಲು ಆಡುಮಾತಿನಿಂದ ಪದ ಕಟ್ಟಿದ. ದೀರ್ಘವೃತ್ತಕ್ಕೆ ಮೊಟ್ಟೆಗೆರೆ ಎಂಬ ಅರ್ಥದ ಹೆಸರಿಟ್ಟ. ಕನ್ನಡದಲ್ಲೇ ಗಣಿತ, ವಿಜ್ಞಾನ ಕಲಿತು ಹೊರಬಂದ ನಮ್ಮಂಥ ಶಾಲೆಗಳ ಮಕ್ಕಳಿಗೆ ಆ ಕೆಲಸದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯದೇಹದ ಅಳತೆಗಳ ಬಗ್ಗೆ ಬರೆದ ನಾಲ್ಕು ಭಾಗಗಳ ಗ್ರಂಥ ಅಚ್ಚಾಗಿ ಬರುವ ಮುನ್ನವೇ, 1528ರ ಏಪ್ರಿಲ್ 6ರಂದು ಡ್ಯೂರರ್ ತೀರಿಕೊಂಡ. ಆಗ ವಯಸ್ಸು 56. ಮಕ್ಕಳಿರಲಿಲ್ಲ. ಕೋಟೆಬಾಗಿಲ ಪಕ್ಕದ ಅವನ ಮನೆ ಇಂದು ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಅವನ ಘೇಂಡಾಮೃಗವನ್ನು ನಮ್ಮ ಮಕ್ಕಳೂ ತಿರುಗಿ ಬರೆಯಬಹುದು. ಬೇಕಾದದ್ದು ನುಣುಪಾದ ದಪ್ಪ ಹಾಳೆ, ಒಂದು ನಿಬ್ಬಿನ ಲೇಖನಿ, ಕಪ್ಪು ಶಾಯಿ; ಇಲ್ಲದಿದ್ದರೆ ಸಣ್ಣ ಮೊನೆಯ ಪೆನ್ನಾದರೂ ಸರಿ. ಮೊದಲು ಬೇರೆ ಹಾಳೆಯಲ್ಲಿ ಐದು ಚೌಕ ಹಾಕಿ, ಬಿಳಿಯಿಂದ ಕಡುಕಪ್ಪಿನವರೆಗೆ ಗೆರೆಗಳಿಂದಲೇ ಮೆಟ್ಟಿಲು ಮೆಟ್ಟಿಲಾಗಿ ನೆರಳು ತರುವುದನ್ನು ಕೈಗೆ ರೂಢಿಸಿಕೊಳ್ಳಬೇಕು. ನಂತರ ಮೂಲಚಿತ್ರದ ಪ್ರತಿಯ ಮೇಲೂ ತಮ್ಮ ಹಾಳೆಯ ಮೇಲೂ ಪೆನ್ಸಿಲಿನಿಂದ ಚೌಕಳಿ ಎಳೆದು, ಮನೆಯಿಂದ ಮನೆಗೆ ಹೊರಗೆರೆಯನ್ನು ತಿಳಿಯಾಗಿ ಇಳಿಸಿಕೊಳ್ಳಬೇಕು. ಶಾಯಿಯ ಮೊದಲ ಸಾಲು ಮೈಯ ಉಬ್ಬುತಗ್ಗನ್ನು ಅನುಸರಿಸಿ ಬಾಗಬೇಕು. ಹೊಟ್ಟೆ ದುಂಡಗಿರುವಲ್ಲಿ ನೇರ ಗೆರೆ ಎಳೆದರೆ ಪ್ರಾಣಿ ಹಲಗೆಯಂತೆ ಕಾಣುತ್ತದೆ. ಅದು ಒಣಗಿದ ಮೇಲೆ ಎರಡನೆಯ ಸಾಲನ್ನು ಕೊಂಚ ಓರೆಯಾಗಿ ಹಾಯಿಸಬೇಕು; ಲಂಬವಾಗಿ ಹಾಯಿಸಿದರೆ ಜಾಲರಿಯಂತೆ ಕಾಣುತ್ತದೆ. ಮಡಿಕೆಯ ಆಳದಲ್ಲಿ ಮಾತ್ರ ಮೂರನೆಯ ಸಾಲು. ಮಣಿಕಟ್ಟು ತಿರುಚುವ ಬದಲು ಹಾಳೆಯನ್ನೇ ತಿರುಗಿಸಿಕೊಳ್ಳಬೇಕು. ಬಲಗೈಯವರು ಎಡದ ಮೇಲ್ಮೂಲೆಯಿಂದ ಶುರುಮಾಡಿದರೆ ಹಸಿ ಶಾಯಿಗೆ ಕೈ ತಾಗುವುದಿಲ್ಲ. ಆಗಾಗ ಕಣ್ಣು ಕಿರಿದು ಮಾಡಿ ನೋಡಿದರೆ ಎಲ್ಲಿ ನೆರಳು ಸಾಲದು ಎಂದು ತಿಳಿಯುತ್ತದೆ. ಬೆಳಕು ಬಿದ್ದ ಜಾಗದಲ್ಲಿ ಕಾಗದವನ್ನು ಹಾಗೆಯೇ ಬಿಡಬೇಕು; ಶಾಯಿಯ ಚಿತ್ರದಲ್ಲಿ ಬಿಡುವುದೂ ಬರೆಯುವುದೇ.

ಹೆಗಲ ಮೇಲಿನ ಆ ಸುಳ್ಳುಕೊಂಬನ್ನು ಬಿಡಬಾರದು. ಅದು ಇರುವುದರಿಂದಲೇ ಈ ಚಿತ್ರಕ್ಕೆ ಇಷ್ಟು ದೊಡ್ಡ ಕಥೆ. ಆದರೆ ಚಿತ್ರ ಮುಗಿದ ಮೇಲೆ ಅಸ್ಸಾಮಿನ ಕಾಜಿರಂಗದ ಘೇಂಡಾಮೃಗದ ಒಂದು ಒಳ್ಳೆಯ ಫೋಟೊ ಹುಡುಕಿ, ಅದೇ ಗೆರೆಗಳಲ್ಲಿ ಎರಡನೆಯ ಚಿತ್ರ ಬರೆಯಬೇಕು. ಮೊದಲನೆಯದರಿಂದ ಕೈ ಕಲಿಯುತ್ತದೆ, ಎರಡನೆಯದರಿಂದ ಕಣ್ಣು ಕಲಿಯುತ್ತದೆ. ಪುಸ್ತಕದಲ್ಲಿ ಅಂದವಾಗಿ ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬದೆ, ಸಾಧ್ಯವಾದಾಗಲೆಲ್ಲ ಮೂಲವನ್ನು ಹೋಗಿ ನೋಡುವ ಅಭ್ಯಾಸವನ್ನು ನಮ್ಮ ಶಾಲೆ ಮುಂದಿನ 50 ವರ್ಷವೂ ಮಕ್ಕಳಿಗೆ ಕಲಿಸಲಿ. ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಲು ನಮ್ಮ ಚಿತ್ರಕಲಾ ಕೊಠಡಿಯ ಗೋಡೆಯಲ್ಲಿ ಜಾಗವಿದೆ.